ಅಂಗಡಿಯವರ ಕಂಪ್ಯೂಟರಿನಲ್ಲಿ ನಿಮ್ಮ ಬಗ್ಗೆ ಏನಿದೆ? ಕೇಳಿ ತರಿಸಿಕೊಳ್ಳುವ ಬಗೆ

ಹಾಸನದ ಬಿ.ಎಂ. ರಸ್ತೆಯ ಮಳಿಗೆಯಾಗಲಿ, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯದ್ದಾಗಲಿ, ಬಿಲ್ ಕೌಂಟರಿನಲ್ಲಿ ಈಗ ದುಡ್ಡಿಗಿಂತ ಮುಂಚೆ ನಂಬರ್ ಕೇಳುತ್ತಾರೆ. ಹಿಂದೆ ಜನ ನಿಂತಿರುತ್ತಾರೆ. ನಾವೂ ಹತ್ತು ಅಂಕಿ ಗಡಗಡ ಹೇಳಿ ಕವರ್ ಎತ್ತಿಕೊಂಡು ಹೊರಡುತ್ತೇವೆ. ಒಂದು ಸಲ ಹುಟ್ಟಿದ ತಾರೀಖು, ಇನ್ನೊಂದು ಸಲ ಮದುವೆಯಾದ ತಾರೀಖು, ದಸರಾ ಸೇಲಿನ ಲಕ್ಕಿ ಡ್ರಾ ಚೀಟಿಯ ಮೇಲೆ ಮನೆ ವಿಳಾಸ. ಬಿಡಿಬಿಡಿಯಾಗಿ ಕೊಟ್ಟದ್ದೆಲ್ಲ ಆ ಒಂದು ನಂಬರಿನ ಕೆಳಗೆ ಸೇರಿಕೊಳ್ಳುತ್ತದೆ. ಯಾವ ತಿಂಗಳು ಏನು ಕೊಂಡಿರಿ, ಯಾವ ಅಳತೆಯ ಬಟ್ಟೆ, ಕಾರ್ಡೋ ಯುಪಿಐಯೋ, ಯಾವ ರಿಯಾಯಿತಿಗೆ ಬಂದಿರಿ, ಎಲ್ಲವೂ.

ಅದನ್ನು ತೋರಿಸಿ ಎಂದು ಕೇಳಬಹುದು. ವಕೀಲರು ಬೇಡ, ಒಂದು ಇ-ಮೇಲ್ ಅಥವಾ ಒಂದು ಕಾಗದ ಸಾಕು. ಆದರೆ ಏನು ಕೇಳಬೇಕು ಎಂಬುದು ಮುಖ್ಯ. ‘ನನ್ನ ಬಗ್ಗೆ ಏನಿಟ್ಟುಕೊಂಡಿದ್ದೀರಿ’ ಎಂದಷ್ಟೇ ಕೇಳುವವರೇ ಹೆಚ್ಚು. ನಾವು ಕೊಟ್ಟದ್ದು ತಲೆ ಕೆರೆದುಕೊಂಡರೆ ನಮಗೇ ನೆನಪಾಗುತ್ತದೆ. ಅದನ್ನು ಅವರು ಯಾರಿಗೆ ದಾಟಿಸಿದರು ಎಂಬುದು ಅವರಿಗೆ ಮಾತ್ರ ಗೊತ್ತು. ನನ್ನ ಪ್ರಕಾರ ಕಾಗದದ ತೂಕವೆಲ್ಲ ಆ ಎರಡನೆಯ ಪ್ರಶ್ನೆಯ ಮೇಲೆ ಇರಬೇಕು.

ಯಾವ ಕಾನೂನಿನ ಹೆಸರು ಹೇಳಬೇಕು

ಎಲ್ಲರ ಬಾಯಲ್ಲೂ ಈಗ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಮಾತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಆಗಸ್ಟ್ 11ರಂದು. ನಿಯಮಗಳು ಹೊರಬರುವ ಹೊತ್ತಿಗೆ 2025ರ ನವೆಂಬರ್ ಆಗಿತ್ತು. ಜಾರಿಯೂ ಕಂತು ಕಂತಾಗಿ: ದೂರು ವಿಚಾರಿಸಿ ದಂಡ ಹಾಕುವ ಡೇಟಾ ಸಂರಕ್ಷಣಾ ಮಂಡಳಿಗೆ ಸಂಬಂಧಿಸಿದ ಭಾಗ ಕೂಡಲೇ, ನಮಗೆ ಬೇಕಾದ ಹಕ್ಕುಗಳ ಭಾಗ ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ. ಆಗ 11ನೇ ಸೆಕ್ಷನ್ ಪ್ರಕಾರ ನಿಮ್ಮ ಮಾಹಿತಿಯ ಸಾರಾಂಶವನ್ನೂ, ಅದನ್ನು ಯಾವ ಯಾವ ಸಂಸ್ಥೆಗಳ ಜೊತೆ ಹಂಚಿಕೊಂಡಿದ್ದಾರೆ ಎಂಬುದನ್ನೂ ಕೇಳಿ ಪಡೆಯಬಹುದು. 12ನೇ ಸೆಕ್ಷನ್ ತಿದ್ದಿಸಲು, ಅಳಿಸಲು. ದೂರು ಕೊಟ್ಟರೆ ಕಂಪನಿ 90 ದಿನದೊಳಗೆ ಉತ್ತರಿಸಬೇಕು.

ಅಲ್ಲಿಯತನಕ ಕೈಕಟ್ಟಿ ಕೂರಬೇಕಿಲ್ಲ. 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು (ಸೂಕ್ಷ್ಮ ವೈಯಕ್ತಿಕ ಮಾಹಿತಿಯ ಭದ್ರತೆಗೆ ಸಂಬಂಧಪಟ್ಟವು) ಅಲ್ಲಿಯವರೆಗೂ ಊರ್ಜಿತದಲ್ಲಿರುತ್ತವೆ. ಅವುಗಳಲ್ಲಿ ನಿಯಮ 5(6), ಮಾಹಿತಿ ಕೊಟ್ಟವರು ಕೇಳಿದಾಗ ಅದನ್ನು ನೋಡಲು, ತಪ್ಪಿದ್ದರೆ ತಿದ್ದಿಸಲು ಅವಕಾಶ ಕೊಡಬೇಕು ಎನ್ನುತ್ತದೆ. 5(3)ರ ಪ್ರಕಾರ ಮಾಹಿತಿ ತೆಗೆದುಕೊಳ್ಳುವಾಗಲೇ ಅದು ಏತಕ್ಕೆ, ಯಾರ ಕೈಗೆ ಹೋಗುತ್ತದೆ ಎಂದು ತಿಳಿಸಬೇಕು. 5(7) ಕೊಟ್ಟ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಹಿಂಪಡೆಯಲು. 5(9)ರಂತೆ ಕುಂದುಕೊರತೆ ಅಧಿಕಾರಿಯ ಹೆಸರನ್ನು ಜಾಲತಾಣದಲ್ಲಿ ಹಾಕಬೇಕು, ಆತ ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಇದು ದೊಡ್ಡ ಕಂಪನಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಒಬ್ಬನೇ ಮಾಲೀಕನ ವ್ಯವಹಾರವನ್ನೂ ಕಾನೂನು ಇದರೊಳಗೆ ಸೇರಿಸಿದೆ. ಈ ನಿಯಮಗಳಿಗೆ ಹಲ್ಲು ಕಡಿಮೆ ಎಂಬುದು ನಿಜ. ಆದರೂ ನಿಯಮದ ಸಂಖ್ಯೆ ನಮೂದಿಸಿದ ಕಾಗದವನ್ನು ಕಸ್ಟಮರ್ ಕೇರ್‌ನವರು ತಾವೇ ಮುಚ್ಚಿಹಾಕುವುದು ಕಷ್ಟ, ಅದು ಮೇಲಿನವರ ಮೇಜಿಗೆ ಹೋಗುತ್ತದೆ.

ಮೊದಲ ಕೆಲಸ: ಎಲ್ಲೆಲ್ಲಿ ಕೊಟ್ಟಿದ್ದೀರಿ ಪಟ್ಟಿ ಮಾಡಿ

ಇದಕ್ಕೆ ಮೊಬೈಲಿನ ಮೆಸೇಜ್ ಪೆಟ್ಟಿಗೆಯಷ್ಟು ಒಳ್ಳೆಯ ದಾಖಲೆ ಇನ್ನೊಂದಿಲ್ಲ. ಬೇಸರವಾದರೂ ಕೂತು ಹಿಂದಿನ ಒಂದು ವರ್ಷದ ಮೆಸೇಜ್‌ಗಳನ್ನು ನೋಡಿ. ಕಂಪನಿಗಳು ಕಳಿಸುವ ಸಂದೇಶದ ಮೇಲೆ ಸಂಖ್ಯೆಯ ಬದಲು ಅಕ್ಷರಗಳ ಒಂದು ಗುರುತು ಇರುತ್ತದೆ. 2025ರಿಂದ ಅದರ ಕೊನೆಗೆ ಅಡ್ಡಗೆರೆ ಹಾಕಿ ಒಂದು ಇಂಗ್ಲಿಷ್ ಅಕ್ಷರ ಬರುತ್ತಿದೆ: ‘ಪಿ’ ಇದ್ದರೆ ಜಾಹೀರಾತು, ‘ಎಸ್’ ಸೇವೆಗೆ ಸಂಬಂಧಿಸಿದ್ದು, ‘ಟಿ’ ವಹಿವಾಟಿನದು, ‘ಜಿ’ ಸರ್ಕಾರದ್ದು. ‘ಪಿ’ಯವರೆಲ್ಲ ನಿಮ್ಮ ಪಟ್ಟಿಗೆ ಬರಬೇಕು. ಗುರುತು ಯಾರದೆಂದು ತಿಳಿಯದಿದ್ದರೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಆ ಗುರುತನ್ನು ಹಾಕಿ ಹುಡುಕುವ ಪುಟವಿದೆ, ಅದರ ಹಿಂದಿರುವ ಸಂಸ್ಥೆಯ ಹೆಸರು ಸಿಗುತ್ತದೆ. ನೀವು ಕಾಲೇ ಇಡದ ಅಂಗಡಿಯ ಹೆಸರು ಬಂತೋ, ಅದನ್ನು ಪಟ್ಟಿಯ ತಲೆಯ ಮೇಲೆ ಬರೆದುಕೊಳ್ಳಿ. ಯಾರೋ ನಿಮ್ಮ ನಂಬರನ್ನು ಕೈದಾಟಿಸಿದ್ದಕ್ಕೆ ಅದೇ ಮೊದಲ ಸುಳಿವು.

ಇ-ಮೇಲಿನಲ್ಲಿ ‘ಇನ್‌ವಾಯ್ಸ್’, ‘ಪಾಯಿಂಟ್ಸ್’ ಎಂದು ಹುಡುಕಿ. ಫೋನಿನಲ್ಲಿರುವ ಅಂಗಡಿ ಆ್ಯಪ್‌ಗಳನ್ನು ತೆರೆದು ಅವುಗಳಿಗೆ ಲೊಕೇಶನ್, ಕಾಂಟ್ಯಾಕ್ಟ್ಸ್ ಅನುಮತಿ ಕೊಟ್ಟಿದ್ದೀರಾ ನೋಡಿ.

ಮನೆಗೊಂದೇ ನಂಬರ್ ಕೊಡುವ ರೂಢಿ ನಮ್ಮ ಕಡೆ ಜಾಸ್ತಿ. ಪಾಯಿಂಟ್ಸ್ ಒಂದೇ ಕಡೆ ಕೂಡಲಿ ಎಂದು ಅತ್ತೆ, ಸೊಸೆ, ಕಾಲೇಜಿಗೆ ಹೋಗುವ ಹುಡುಗಿ ಎಲ್ಲರೂ ಯಜಮಾನರ ನಂಬರನ್ನೇ ಹೇಳುತ್ತಾರೆ. ಆಗ ವಿವರ ತರಿಸಿದವರ ಕೈಗೆ ಇಡೀ ಮನೆಯ ಖರೀದಿಯ ಪಟ್ಟಿ ಬಂದು ಬೀಳುತ್ತದೆ, ಮೆಡಿಕಲ್ ಶಾಪಿನದೂ ಸೇರಿ. ತರಿಸುವ ಮುಂಚೆ ಮನೆಯವರಿಗೆ ಒಂದು ಮಾತು ಹೇಳುವುದು ಒಳ್ಳೆಯದು.

ಎರಡನೆಯದು: ಕೇಳಬೇಕಾದವರು ಯಾರು

ಕೌಂಟರಿನ ಹುಡುಗನ ಹತ್ತಿರ ಜಗಳವಾಡಿ ಪ್ರಯೋಜನವಿಲ್ಲ, ಅವನಿಗೆ ಕಾಣುವುದು ಒಂದೇ ಪರದೆ. ಬೋರ್ಡಿನ ಮೇಲಿನ ಹೆಸರು ಒಂದು, ವ್ಯವಹಾರ ನಡೆಸುವವರು ಇನ್ನೊಬ್ಬರು ಎಂಬುದೂ ಸಾಮಾನ್ಯ. ದೊಡ್ಡ ಬ್ರಾಂಡಿನ ಬೋರ್ಡ್ ಇರುತ್ತದೆ, ಮಳಿಗೆ ಊರಿನವರೇ ಫ್ರಾಂಚೈಸಿ ತೆಗೆದುಕೊಂಡು ನಡೆಸುತ್ತಿರುತ್ತಾರೆ.

ಬಿಲ್ ತೆಗೆದು ಜಿಎಸ್‌ಟಿ ಸಂಖ್ಯೆ ನೋಡಿ. ಹದಿನೈದು ಅಕ್ಷರ-ಅಂಕಿಗಳದು, ಕರ್ನಾಟಕದಲ್ಲಿ ನೋಂದಣಿಯಾಗಿದ್ದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಜಾಲತಾಣದ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಅದನ್ನು ಹಾಕಿದರೆ ಲಾಗಿನ್ ಇಲ್ಲದೆಯೇ ವ್ಯವಹಾರದ ಕಾನೂನುಬದ್ಧ ಹೆಸರು ಸಿಗುತ್ತದೆ. ಪತ್ರ ಹೋಗಬೇಕಾದದ್ದು ಆ ಹೆಸರಿಗೆ. ಪಾಯಿಂಟ್ಸ್ ಕಾರ್ಡ್ ಬ್ರಾಂಡಿನದಾಗಿದ್ದರೆ ಬ್ರಾಂಡಿಗೂ ಒಂದು ಪ್ರತಿ. ಕುಂದುಕೊರತೆ ಅಧಿಕಾರಿಯ ಇ-ಮೇಲ್ ವಿಳಾಸ ಕಂಪನಿ ಜಾಲತಾಣದ ತಳದಲ್ಲಿ ‘ಪ್ರೈವಸಿ ಪಾಲಿಸಿ’ ಎಂಬ ಕೊಂಡಿಯೊಳಗೆ, ಹೆಚ್ಚಾಗಿ ಪುಟದ ಕಟ್ಟಕಡೆಗೆ ಇರುತ್ತದೆ. ಆನ್‌ಲೈನ್ ಮಳಿಗೆಯಾದರೆ 2020ರ ಇ-ಕಾಮರ್ಸ್ ನಿಯಮಗಳೂ ಅನ್ವಯಿಸುತ್ತವೆ: ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಫ್ರಿಜ್ಜು, ಮೊಬೈಲು ಕಂತಿನಲ್ಲಿ ತೆಗೆದುಕೊಂಡಿದ್ದರೆ ಅದರ ಕತೆ ಬೇರೆ. ಶೋರೂಮಿನ ಮೂಲೆಯಲ್ಲಿ ಕೂತು ಪ್ಯಾನ್, ಆಧಾರ್ ತೆಗೆದುಕೊಂಡವರು ಫೈನಾನ್ಸ್ ಕಂಪನಿಯವರು, ಅವರಿಗೆ ಪ್ರತ್ಯೇಕ ಪತ್ರ ಬೇಕು. ‘ಎಲಿಜಿಬಿಲಿಟಿ ನೋಡೋಣ, ಪ್ಯಾನ್ ಹೇಳಿ’ ಎಂದು ನಿಮ್ಮ ಕ್ರೆಡಿಟ್ ದಾಖಲೆ (ಸಾಲ ಪಡೆದು ತೀರಿಸಿದ ಚರಿತ್ರೆ) ತೆಗೆಸಿದ್ದರೆ ಆ ವಿಚಾರಣೆ ನಿಮ್ಮ ಕ್ರೆಡಿಟ್ ವರದಿಯಲ್ಲಿ ಕೂರುತ್ತದೆ. ಸಿಬಿಲ್, ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಸಂಸ್ಥೆಗಳಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತ. ಯಾವ ದಿನ ಯಾರು ನೋಡಿದರು ಎಂಬುದು ಅಲ್ಲೇ ಸಿಗುತ್ತದೆ.

ಮೂರನೆಯದು: ಪತ್ರ

ಉದ್ದ ಬೇಡ, ಸಿಟ್ಟೂ ಬೇಡ. ಈ ಮಾದರಿಯನ್ನು ಹಾಗೇ ಬಳಸಬಹುದು:

ವಿಷಯ: ನನ್ನ ವೈಯಕ್ತಿಕ ಮಾಹಿತಿಯ ವಿವರ ಕೋರಿ ಅರ್ಜಿ

ಮಾನ್ಯರೇ,

ನಾನು ನಿಮ್ಮ ಹಾಸನ ಮಳಿಗೆಯ ಗ್ರಾಹಕ. ನಿಮ್ಮಲ್ಲಿ ನೋಂದಣಿಯಾಗಿರುವ ನನ್ನ ಮೊಬೈಲ್ ಸಂಖ್ಯೆ ………, ಸದಸ್ಯತ್ವ ಕಾರ್ಡ್ ಸಂಖ್ಯೆ ………, ಕೊನೆಯ ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ ……… .

2011ರ ಮಾಹಿತಿ ತಂತ್ರಜ್ಞಾನ ನಿಯಮಗಳ ನಿಯಮ 5(3) ಮತ್ತು 5(6)ರ ಅನ್ವಯ ಕೆಳಗಿನ ವಿವರಗಳನ್ನು ಕೋರುತ್ತೇನೆ.

1. ಮೇಲಿನ ಸಂಖ್ಯೆಯ ಹೆಸರಿನಲ್ಲಿ ನಿಮ್ಮ ಬಳಿ ಇರುವ ನನ್ನ ಎಲ್ಲ ಮಾಹಿತಿಯ ಪ್ರತಿ: ಹೆಸರು, ವಿಳಾಸ, ಜನ್ಮದಿನಾಂಕ, ಖರೀದಿಯ ವಿವರ, ಪಾಯಿಂಟ್ಸ್, ನನಗೆ ಹಚ್ಚಿರುವ ಯಾವುದೇ ವರ್ಗೀಕರಣ.
2. ಪ್ರತಿಯೊಂದು ಮಾಹಿತಿಯೂ ಯಾವಾಗ, ಎಲ್ಲಿಂದ ಬಂತು.
3. ಇದನ್ನು ಯಾವ ಯಾವ ಸಂಸ್ಥೆಗಳಿಗೆ ಕೊಟ್ಟಿದ್ದೀರಿ, ಏತಕ್ಕೆ. ‘ನಮ್ಮ ಪಾಲುದಾರರು’ ಎಂದು ಬರೆಯದೆ ಸಂಸ್ಥೆಗಳ ಹೆಸರು ತಿಳಿಸಿ.
4. ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ.

ಒಂದು ತಿಂಗಳೊಳಗೆ ಇದೇ ಇ-ಮೇಲಿಗೆ ಉತ್ತರ ಕಳುಹಿಸಬೇಕಾಗಿ ವಿನಂತಿ.

ಇಷ್ಟೇ. ಬಿಲ್ ಸಂಖ್ಯೆ ಹಾಕುವುದನ್ನು ಮರೆಯಬೇಡಿ. ‘ಇಂಥ ಗ್ರಾಹಕರು ನಮ್ಮ ದಾಖಲೆಯಲ್ಲಿಲ್ಲ’ ಎಂದು ಜಾರಿಕೊಳ್ಳುವ ದಾರಿಯನ್ನು ಅದೊಂದೇ ಮುಚ್ಚುತ್ತದೆ. ಎರಡು ನಂಬರ್ ಬಳಸಿದ್ದರೆ ಎರಡನ್ನೂ ಬರೆಯಿರಿ. ಮುಂಬಯಿಯ ಕಚೇರಿಗೆ ಹೋಗುವ ಪತ್ರವಾದರೆ ಕೆಳಗೆ ಇಂಗ್ಲಿಷಿನಲ್ಲೂ ನಾಲ್ಕು ಸಾಲು ಇರಲಿ. ಕನ್ನಡ ಓದುವವರು ಸಿಗಲಿಲ್ಲ ಎಂಬ ನೆಪದಲ್ಲಿ ವಾರಗಟ್ಟಲೆ ಕಳೆಯುವುದು ತಪ್ಪುತ್ತದೆ. 2027ರ ಮೇ ನಂತರ ಇದೇ ಪತ್ರದಲ್ಲಿ ನಿಯಮದ ಸಂಖ್ಯೆ ತೆಗೆದು 11ನೇ ಸೆಕ್ಷನ್ ಎಂದು ಬರೆದರಾಯಿತು.

ಕಾಗದದಲ್ಲೇ ಕಳಿಸುವವರು ಅಂಚೆ ಕಚೇರಿಯಲ್ಲಿ ರಿಜಿಸ್ಟರ್ಡ್ ಪೋಸ್ಟ್ ಎಂದರೆ ಈಗ ಸ್ಪೀಡ್ ಪೋಸ್ಟ್ ಕೌಂಟರಿಗೇ ಕಳಿಸುತ್ತಾರೆ. 2025ರ ಸೆಪ್ಟೆಂಬರ್ 1ರಿಂದ ಎರಡೂ ಒಂದಾಗಿವೆ. ರಸೀದಿ ಇಟ್ಟುಕೊಳ್ಳಿ.

ಗುರುತಿನ ಪುರಾವೆ ಕೇಳಿದರೆ

ಕೇಳುವುದು ನ್ಯಾಯವೇ. ನಿಮ್ಮ ನಂಬರ್ ಗೊತ್ತಿದ್ದವರೆಲ್ಲ ನಿಮ್ಮ ಖರೀದಿಯ ಪಟ್ಟಿ ತರಿಸಿಕೊಳ್ಳುವಂತಾಗಬಾರದಲ್ಲ. ಆದರೆ ಅವರ ಹತ್ತಿರ ಇರುವುದು ಮೊಬೈಲ್ ನಂಬರ್ ಮಾತ್ರವಾದರೆ ಆ ನಂಬರಿಗೆ ಒಟಿಪಿ ಕಳಿಸಿದರೆ ಸಾಕು. ಸೀರೆ ಅಂಗಡಿಯಲ್ಲಿ ಇಲ್ಲದ ಆಧಾರ್ ಸಂಖ್ಯೆಯನ್ನು, ಮಾಹಿತಿ ವಾಪಸ್ ಕೇಳುವ ನೆಪದಲ್ಲಿ ನಾವೇ ಅವರಿಗೆ ಒಪ್ಪಿಸುವುದು ಎಂಥ ವ್ಯವಹಾರ? ತೀರಾ ಹಟ ಹಿಡಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಪ್ರತಿಯ ಮೇಲೆ ಅಡ್ಡಲಾಗಿ ಉದ್ದೇಶ ಮತ್ತು ದಿನಾಂಕ ಬರೆಯಿರಿ. ಕಾರ್ಡ್ ಸಂಖ್ಯೆಯನ್ನಂತೂ ಯಾರಿಗೂ ಹೇಳಬೇಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಪೂರ್ತಿ ಕಾರ್ಡ್ ಸಂಖ್ಯೆ ಇಟ್ಟುಕೊಳ್ಳುವಂತಿಲ್ಲ. ಕೊನೆಯ ನಾಲ್ಕು ಅಂಕಿ ಮತ್ತು ಕಾರ್ಡ್ ಕೊಟ್ಟ ಬ್ಯಾಂಕಿನ ಹೆಸರು ಮಾತ್ರ. ಬಂದ ಉತ್ತರದಲ್ಲಿ ಪೂರ್ತಿ ಸಂಖ್ಯೆ ಕಂಡರೆ ಅದೇ ಬೇರೊಂದು ದೂರಿಗೆ ಆಧಾರ.

ಅಮ್ಮನ ಪರವಾಗಿ ಕೇಳುವುದಾದರೆ ಅಮ್ಮನ ಸಹಿ ಹಾಕಿಸಿ, ನಿಮಗೆ ಅಧಿಕಾರ ಕೊಟ್ಟ ಒಂದು ಸಾಲು ಬರೆಸಿ. ಹೆಂಡತಿ ಏನು ಕೊಂಡಳು ನೋಡೋಣ ಎಂದು ಅವಳ ಹೆಸರಿನಲ್ಲಿ ನೀವೇ ಅರ್ಜಿ ಹಾಕುವ ಯೋಚನೆಯಿದ್ದರೆ ಬಿಟ್ಟುಬಿಡಿ. ಬೇರೆಯವರಂತೆ ನಟಿಸಿ ಅರ್ಜಿ ಹಾಕುವುದನ್ನು ಹೊಸ ಕಾಯ್ದೆ ತಡೆಯುತ್ತದೆ, ಆ ಭಾಗ 2027ರ ಮೇ ತಿಂಗಳಲ್ಲಿ ಜಾರಿಯಾದ ಮೇಲೆ 10,000 ರೂಪಾಯಿವರೆಗೆ ದಂಡವಿದೆ.

ಉತ್ತರ ಬಂದ ಮೇಲೆ

ಮೊದಲ ಉತ್ತರ ಬಹುಪಾಲು ಅಚ್ಚು ಹಾಕಿದ್ದೇ ಆಗಿರುತ್ತದೆ: ‘ನಿಮ್ಮ ಗೋಪ್ಯತೆ ನಮಗೆ ಮುಖ್ಯ, ನಮ್ಮ ಪ್ರೈವಸಿ ಪಾಲಿಸಿ ಓದಿ.’ ಅದನ್ನು ಉತ್ತರವೆಂದು ಒಪ್ಪಬೇಡಿ. ಅದೇ ಇ-ಮೇಲಿನ ಕೆಳಗೆ, ‘ಪಾಲಿಸಿ ಓದಿದ್ದೇನೆ. ನಾನು ಕೇಳಿದ್ದು ನನ್ನ ಸಂಖ್ಯೆಗೆ ಸಂಬಂಧಿಸಿದ ವಿವರ. 1ರಿಂದ 4ರವರೆಗಿನ ಅಂಶಗಳಿಗೆ ಒಂದೊಂದಾಗಿ ಉತ್ತರಿಸಿ’ ಎಂದು ಬರೆಯಿರಿ. ಹೊಸ ಇ-ಮೇಲ್ ತೆರೆಯಬೇಡಿ, ಸರಪಳಿ ಮುರಿಯಬಾರದು. ಫೋನಿನಲ್ಲಿ ಏನಾದರೂ ಹೇಳಿದರೆ ಆಮೇಲೆ, ‘ಇವತ್ತು ಫೋನಿನಲ್ಲಿ ತಾವು ಹೀಗೆಂದಿರಿ’ ಎಂದು ಅದೇ ಸರಪಳಿಗೆ ಸೇರಿಸಿ.

ನಿಜವಾದ ಪಟ್ಟಿ ಬಂದಾಗ ಖರೀದಿಗಳ ಸಾಲನ್ನು ಬೇಗ ದಾಟಿ ಮೂರನೆಯ ಪ್ರಶ್ನೆಯ ಉತ್ತರಕ್ಕೆ ಬನ್ನಿ. ಮೆಸೇಜ್ ಕಳಿಸುವ ಕಂಪನಿ, ಪಾಯಿಂಟ್ಸ್ ಲೆಕ್ಕ ಇಡುವ ಕಂಪನಿ, ಹಣ ಪಾವತಿಯ ಕಂಪನಿ, ಕೊರಿಯರ್: ಇವಿಷ್ಟು ಇರುವುದು ಸಹಜ. ಜಾಹೀರಾತಿನವರು, ಇನ್ಶೂರೆನ್ಸ್‌ನವರು, ಸೈಟ್ ಮಾರುವವರ ಹೆಸರಿದ್ದರೆ ನಿಮ್ಮ ಮೆಸೇಜ್ ಪಟ್ಟಿಯ ಜೊತೆ ತಾಳೆ ನೋಡಿ. ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನು ಒಪ್ಪದ ರೀತಿಯಲ್ಲಿ ಬೇರೆಯವರಿಗೆ ಕೊಡುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಸೆಕ್ಷನ್ 2(47) ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಮುಂದಿನ ದೂರಿಗೆ ಗಟ್ಟಿ ನೆಲೆ ಇದೇ.

ಅಳಿಸಿ ಎಂದು ಕೇಳುವ ಮುನ್ನ ಉಳಿದಿರುವ ಪಾಯಿಂಟ್ಸ್ ಖರ್ಚು ಮಾಡಿಬಿಡಿ, ಖಾತೆ ಹೋದರೆ ಅವೂ ಹೋಗುತ್ತವೆ. ಎಲ್ಲವೂ ಅಳಿಯುವುದಿಲ್ಲ ಎಂಬುದೂ ಗೊತ್ತಿರಲಿ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು. ಮೆಡಿಕಲ್ ಶಾಪಿನವರು ಶೆಡ್ಯೂಲ್ ಎಚ್1 (ಕಟ್ಟುನಿಟ್ಟಿನ ನಿಗಾದಲ್ಲಿ ಮಾರಬೇಕಾದ) ಔಷಧಿಗಳಿಗೆ ರೋಗಿಯ ಹೆಸರು ಬರೆದ ಪ್ರತ್ಯೇಕ ರಿಜಿಸ್ಟರನ್ನು ಮೂರು ವರ್ಷ ಇಡಬೇಕು. ದೊಡ್ಡ ಮೊತ್ತದ ಚಿನ್ನಕ್ಕೆ ಕೊಟ್ಟ ಪ್ಯಾನ್ ಕೂಡ ಹಾಗೆಯೇ. ಇವುಗಳ ಮೇಲೆ ಹೋರಾಡಿ ಶಕ್ತಿ ಕಳೆಯಬೇಡಿ. ಹುಟ್ಟಿದ ತಾರೀಖು, ಮದುವೆ ತಾರೀಖು, ಮನೆ ವಿಳಾಸ, ಜಾಹೀರಾತು ಪಟ್ಟಿಯಲ್ಲಿರುವ ನಂಬರ್, ಇವನ್ನು ತೆಗೆಸಿದರೆ ಮುಕ್ಕಾಲು ಕೆಲಸ ಆದಂತೆ.

‘ಜಾಹೀರಾತಿಗೆ ಕೊಟ್ಟ ಒಪ್ಪಿಗೆ ಹಿಂಪಡೆದಿದ್ದೇನೆ’ ಎಂಬ ಸಾಲನ್ನೂ ಪತ್ರದಲ್ಲಿ ಬರೆಯಿರಿ. 1909ಕ್ಕೆ ಕರೆ ಮಾಡಿ ಡಿಎನ್‌ಡಿ (ಜಾಹೀರಾತಿನ ಕರೆ, ಮೆಸೇಜ್ ಬೇಡ ಎಂಬ ನೋಂದಣಿ) ಹಾಕಿಸಿದರೂ, ನೀವು ನೇರವಾಗಿ ಒಪ್ಪಿಗೆ ಕೊಟ್ಟ ಕಂಪನಿ ಮೆಸೇಜ್ ಕಳಿಸಬಹುದು, ಆದ್ದರಿಂದ ಒಪ್ಪಿಗೆಯನ್ನೇ ಕಿತ್ತುಕೊಳ್ಳಬೇಕು. ಆಮೇಲೂ ಬಂದರೆ ಏಳು ದಿನದೊಳಗೆ 1909ಕ್ಕೋ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲೋ ದೂರು ಕೊಡಿ.

ಒಂದು ತಿಂಗಳಾದರೂ ಮಾತಿಲ್ಲದಿದ್ದರೆ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವರು ಆದೇಶ ಹೊರಡಿಸುವವರಲ್ಲ, ಕಂಪನಿಗೆ ದೂರು ದಾಟಿಸಿ ಉತ್ತರ ತರಿಸುವವರು. ಆದರೂ ಎಷ್ಟೋ ವಿಷಯ ಅಲ್ಲಿಗೇ ಮುಗಿಯುತ್ತದೆ.

ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ಕಂಪನಿ ಎಲ್ಲಿಯದೇ ಆಗಿರಲಿ, ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಮೂಡಿಗೆರೆಯವರು ಗುರುಗ್ರಾಮದ ಕಂಪನಿಯ ಮೇಲೆ ಚಿಕ್ಕಮಗಳೂರಿನಲ್ಲೇ ಕೇಸು ನಡೆಸಬಹುದು, ಸಕಲೇಶಪುರದವರು ಹಾಸನದಲ್ಲಿ. ಕೊಂಡದ್ದಕ್ಕೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಘಟನೆಯಾದ ಎರಡು ವರ್ಷದೊಳಗೆ ಸಲ್ಲಿಸಬೇಕು, ಗ್ರಾಹಕ ಆಯೋಗಗಳ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೂ ಆಗುತ್ತದೆ. ಬಿಲ್, ಪತ್ರ, ಇ-ಮೇಲ್ ಸರಪಳಿ, ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಜೋಡಿಸಿ.

2027ರ ಮೇ ನಂತರ ಡೇಟಾ ಸಂರಕ್ಷಣಾ ಮಂಡಳಿಗೂ ಹೋಗಬಹುದು, ಆದರೆ ಮೊದಲು ಕಂಪನಿಯ ಅಧಿಕಾರಿಗೆ ದೂರು ಕೊಟ್ಟಿರಲೇಬೇಕು. ಮಂಡಳಿ ಕೋಟಿಗಟ್ಟಲೆ ದಂಡ ಹಾಕಬಲ್ಲದು. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ. ಆ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ, ನಿಮ್ಮ ಜೇಬಿಗಲ್ಲ. ನಿಮಗೇ ನಷ್ಟವಾಗಿದ್ದು ಪರಿಹಾರ ಬೇಕೆಂದರೆ ಗ್ರಾಹಕ ಆಯೋಗದ ಬಾಗಿಲನ್ನೇ ತಟ್ಟಬೇಕು.

ಇನ್ನು ಮುಂದೆ ಕೌಂಟರಿನಲ್ಲಿ

‘ನಂಬರ್ ಬೇಡ, ಬಿಲ್ ಕೊಡಿ’ ಎನ್ನಲು ಸಂಕೋಚಪಡಬೇಕಿಲ್ಲ. ಬಿಲ್ ಕೊಡಬೇಕಾದರೆ ಫೋನ್ ನಂಬರ್ ಕೊಡಲೇಬೇಕು ಎಂದು ಗ್ರಾಹಕರನ್ನು ಒತ್ತಾಯಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ಸೂಚಿಸಿದೆ. ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಅಂಗಡಿಗೆ ಹೋಗಿ ಕೊಳ್ಳುವ ಸಾಮಾನ್ಯ ಗ್ರಾಹಕನ ಹೆಸರು, ವಿಳಾಸವನ್ನು ಜಿಎಸ್‌ಟಿ ನಿಯಮ ಬಿಲ್ಲಿನಲ್ಲಿ ಕಡ್ಡಾಯ ಮಾಡಿರುವುದು 50,000 ರೂಪಾಯಿ ಮತ್ತು ಮೇಲಿನ ಖರೀದಿಗೆ. ‘ಸಿಸ್ಟಮ್ ಮುಂದಕ್ಕೆ ಹೋಗಲ್ಲ ಸರ್’ ಎಂದರೆ ಮ್ಯಾನೇಜರನ್ನು ಕರೆಸಿ, ಮುಂದಕ್ಕೆ ಹೋಗುತ್ತದೆ.

ಊರಿನ ಸಣ್ಣ ಅಂಗಡಿಗಳಿಗೆ ಈ ಪತ್ರ ವ್ಯವಹಾರ ಬೇಡ. ದಿನಸಿ ಅಂಗಡಿಯ ಸಾಲದ ಪುಸ್ತಕ ಕಾಗದದಲ್ಲೇ ಇರುವವರೆಗೆ ಹೊಸ ಕಾಯ್ದೆಗೆ ಸಿಗುವುದೂ ಇಲ್ಲ, ಅದು ಕಂಪ್ಯೂಟರಿಗೆ ಏರಿದರೆ ಮಾತ್ರ ಲೆಕ್ಕ. ಕಾಫಿಪುಡಿ ಅಂಗಡಿಯವರೋ ಬಟ್ಟೆ ಅಂಗಡಿಯವರೋ ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿಸಿದ್ದರೆ ಮಾತ್ರ ಸುಮ್ಮನಿರಬೇಡಿ. ಗ್ರೂಪಿನಲ್ಲಿರುವ ಪ್ರತಿಯೊಬ್ಬರಿಗೂ ನಿಮ್ಮ ನಂಬರ್ ಕಾಣುತ್ತದೆ, ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಕಾಣುವುದಿಲ್ಲ. ಈ ವ್ಯತ್ಯಾಸ ಎಷ್ಟೋ ಅಂಗಡಿಯವರಿಗೇ ಗೊತ್ತಿರುವುದಿಲ್ಲ. ‘ಅಣ್ಣಾ, ಗ್ರೂಪ್ ತೆಗೆದು ಬ್ರಾಡ್‌ಕಾಸ್ಟ್ ಮಾಡಿ, ಹೆಣ್ಣುಮಕ್ಕಳ ನಂಬರೆಲ್ಲ ಎಲ್ಲರಿಗೂ ಹೋಗ್ತಿದೆ’ ಎಂದು ಎದುರಿಗೆ ನಿಂತು ಹೇಳಿದರೆ ಅಲ್ಲೇ ಸರಿಯಾಗುತ್ತದೆ.

ಗೊಬ್ಬರದ ಅಂಗಡಿಯಲ್ಲಿ ಯೂರಿಯಾಕ್ಕೆ ಹೆಬ್ಬೆಟ್ಟು ಒತ್ತಿದ್ದು ಮಾತ್ರ ಈ ದಾರಿಗೆ ಬರುವುದಿಲ್ಲ. ಆ ಪಿಒಎಸ್ (ಮಾರಾಟ ದಾಖಲಿಸುವ) ಯಂತ್ರದ ದಾಖಲೆ ಹೋಗುವುದು ಕೇಂದ್ರದ ರಸಗೊಬ್ಬರ ಸಬ್ಸಿಡಿ ವ್ಯವಸ್ಥೆಗೆ, ಅಂಗಡಿಯವರ ಗ್ರಾಹಕ ಪಟ್ಟಿಗಲ್ಲ. ಅದೇ ಅಂಗಡಿಯವರು ಬೀಜ, ಔಷಧಿ ಕಂಪನಿಯ ಹೆಸರಿನಲ್ಲಿ ಬೇರೆ ಪುಸ್ತಕದಲ್ಲಿ ನಿಮ್ಮ ಹೆಸರು, ಊರು, ಎಕರೆ, ನಂಬರ್ ಬರೆದುಕೊಂಡಿದ್ದರೆ ಆ ಕಂಪನಿ ಯಾವುದು ಎಂದು ಕೇಳಿಟ್ಟುಕೊಳ್ಳಿ, ಪತ್ರ ಹೋಗಬೇಕಾದದ್ದು ಅವರಿಗೆ.